ತಳದ ಒಂದು ಹಿಡಿ

"ನೀವು ಕೊಟ್ಟ ಅಗಸಿ ಹಿಂಡಿ ಕಮಟು ವಾಸನಿ ಹೊಡ್ಯಾಕತ್ತದ್ರಿ ಬೀಗ್ತಿ. ಹಳೇ ಅಗಸಿ ಕುಟ್ಟೀರೇನು?" ಆಳಂದದಿಂದ ಮಗಳ ಅತ್ತೆ ವಿದ್ಯಾವತಿ ಫೋನಿನಲ್ಲಿ ಇಷ್ಟು ಅಂದದ್ದೇ ತಡ, ಮಾದನಹಿಪ್ಪರಗಾದ ಗಂಗಾಬಾಯಿಯ ಮೈಯೆಲ್ಲ ಉರಿದುಹೋಯಿತು. ಬಸುರಿ ಮಗಳ ಸೀಮಂತದ ಕುಬಸಕ್ಕೆ ಒಯ್ದ ಬುತ್ತಿಯ ಚಟ್ನಿಪುಡಿ ಅದು! ಹೊಸ ಅಗಸಿ ಹುರಿದು ತಾನೇ ಕುಟ್ಟಿದ್ದಳು. ಅವಳ ಕೈರುಚಿಯಲ್ಲಿ ಊರಲ್ಲಿ ಯಾರೂ ಕೊಂಕು ತೆಗೆದವರಲ್ಲ. ಗಂಡ ಮಲ್ಲಣ್ಣ ಮಾತ್ರ ಹೋದ ವಾರ "ವಾಸನಿ ಬರ್ತದ" ಎಂದು ಮನೆಯ ಹಿಂಡಿಯನ್ನು ತಾಟಿನ ಬದಿಗೆ ಸರಿಸಿದ್ದ. "ನಿಮ್ಮ ಮೂಗಿಗೆ ಬ್ಯಾನಿ ಬಂದದ" ಎಂದು ಅವನ ಬಾಯಿ ಮುಚ್ಚಿಸಿದ್ದಳು.

ಕುಬಸದ ಹಿಂಡಿಯ ಜೊತೆಗೇ ಕುಟ್ಟಿ, ತನ್ನ ತಂಗಿಗೆಂದು ಹೊಸ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹಿಂಡಿಯನ್ನು ಹಿಡಿದುಕೊಂಡು ಮರುದಿನ ಬೆಳಗಿನ ಬಸ್ಸಿಗೇ ಆಳಂದಕ್ಕೆ ಹೋದಳು. ಬೀಗತಿ ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಮೂಸಿ ನೋಡ್ರಿ! ಒಂದೇ ದಿನ, ಒಂದೇ ಒಳ್ಳಾಗ ಕುಟ್ಟಿದ್ದು. ಇದು ಘಮ್ ಅಂತದ. ನಿಮ್ಮನ್ಯಾಗ ಇದ್ದದ್ದಷ್ಟೇ ಹ್ಯಾಂಗ ಕೆಡ್ತು?"

ವಿದ್ಯಾವತಿ ಮೂಸಿದಳು. ಒಳಗಿನಿಂದ ತಮ್ಮ ಡಬ್ಬಿ ತಂದಿಟ್ಟಳು. ಗಂಗಾಬಾಯಿ ತಳದವರೆಗೆ ಚಮಚ ಹಾಕಿ ಕೆದಕಿದಳು. ಎಣ್ಣೆ ಬಿಟ್ಟು ಅಂಟಿಕೊಂಡಿದ್ದ ಕರಿ ಮುದ್ದೆಯೊಂದು ಮೇಲೆ ಬಂತು. ಗಬ್ಬು ನಾತ ಮೂಗಿಗೆ ಹೊಡೆಯಿತು.

"ಇದು ನಂದಲ್ಲ! ಹೋದ ವರ್ಷದ್ದು! ಕೆಟ್ಟ ಎಣ್ಣಿ ಸೋಂಕಿದ್ರ ಹೊಸದು ಉಳೀತದೇನ್ರಿ? ಇದರ ಮ್ಯಾಲ ನನ್ನ ಹಿಂಡಿ ಸುರಿದ ಶಾಣ್ಯಾಕಿ ಯಾರು?"

ಬಾಗಿಲಲ್ಲಿ ನಿಂತಿದ್ದ ಮಗಳು ಶೈಲಶ್ರೀ ತಲೆ ತಗ್ಗಿಸಿದಳು. "ನಾನೇ ಬೇ ಯವ್ವಾ. ಡಬ್ಬಿ ಎಂದೂ ಬರಿದು ಮಾಡಬ್ಯಾಡ, ತಳದಾಗ ಒಂದು ಹಿಡಿ ಇರ್ಲಿ, ಅದರ ಮ್ಯಾಲೇ ಹೊಸದು ಹಾಕು, ಮನಿ ತುಂಬಿರ್ತದ ಅಂತ ನೀನೇ ಹೇಳಿದ್ದಿಯಲ್ಲ?"

ಗಂಗಾಬಾಯಿ ಚಮಚವನ್ನು ಕೆಳಗಿಟ್ಟಳು. ವಿದ್ಯಾವತಿ ನೀರಿನ ಚಂಬನ್ನು ಮತ್ತೆ ಮುಂದಿಟ್ಟಳು. ಈ ಸಲ ಗಂಗಾಬಾಯಿ ಗಟಗಟನೆ ಕುಡಿದಳು.

ಮಧ್ಯಾಹ್ನ ಮನೆಗೆ ಬಂದವಳೇ ತನ್ನ ಹಿಂಡಿ ಡಬ್ಬಿಯನ್ನು ಅಂಗಳದಲ್ಲಿ ಬೋರಲು ಹಾಕಿ ಬಡಿದಳು. ಅದೇ ಕರಿ ಮುದ್ದೆ, ಅದೇ ನಾತ. ತನ್ನ ಮೇಲಿನ ಸಿಟ್ಟೆಲ್ಲ ಕಟ್ಟೆಯ ಮೇಲೆ ಕುಳಿತಿದ್ದ ಗಂಡನ ಮೇಲೆ ತಿರುಗಿತು.

"ಇಷ್ಟು ವರ್ಷ ಇದನ್ನ ತಿಂದೀರಲ್ಲ, ಒಂದು ಸಲನರೆ ಜೋರಾಗಿ ಹೇಳಬಾರದೇನ್ರಿ?"

"ಹೇಳಿದ್ನಲ್ಲ," ಅಂದ ಮಲ್ಲಣ್ಣ. "ಮೂಗಿಗೆ ಬ್ಯಾನಿ ಬಂದದ ಅಂದಿ, ಸುಮ್ನಾದೆ."

ಅವಳು ಬೂದಿ ಹಚ್ಚಿ ಡಬ್ಬಿ ತಿಕ್ಕತೊಡಗಿದಳು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಮೊದಲ ಸಲ ಅದು ಬರಿದಾಗಿತ್ತು.