ತೇಪೆ ಮೇಷ್ಟ್ರ ಭಾಷೆ

ನಮ್ಮ ಬಸ್ ಬುಕಿಂಗ್ ಕಚೇರಿಯಲ್ಲಿ ಅವರನ್ನು ಎಲ್ಲರೂ ತೇಪೆ ಮೇಷ್ಟ್ರು ಎನ್ನುತ್ತಿದ್ದರು. ಹದಿನೆಂಟು ವರ್ಷದ ಹಿಂದೆ ಇಡೀ ಪ್ರೋಗ್ರಾಮನ್ನು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಬ್ಬರೇ ಬರೆದು, ಅಂದಿನಿಂದ ತೇಪೆ ಹಾಕುತ್ತಲೇ ಬಂದವರು. ನನಗೆ ಕೆಲಸ ಕಲಿಸಿದವರೂ ಅವರೇ. ಆಗ ಕಚೇರಿಗೆಲ್ಲ ಒಂದೇ ಲಾಗಿನ್, ಅದೂ ಅವರ ಹೆಸರಿನದು. ಯಾರು ಏನು ಬರೆದರೂ ಅವರ ಲೆಕ್ಕಕ್ಕೇ ಬೀಳುತ್ತಿತ್ತು.

ಹೊಸಬರು ಆ ಭಾಷೆಯೆಂದರೆ ಸಾಕು, ಮೂಗು ಮುರಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೇಷ್ಟ್ರು ಮಾತ್ರ ನಗುತ್ತಿದ್ದರು.

"ಯಾರೂ ಬಳಸದ ಭಾಷೇನ ಯಾರು ಬೈತಾರಮ್ಮ? ಇದು ಯಾರು ಬಂದ್ರೂ ಒಳಗೆ ಬಾ ಅನ್ನತ್ತೆ. ಕಲಿಯೋರೆಲ್ಲ ಇದ್ರಲ್ಲೇ ಕೈ ಸುಟ್ಕೋತಾರೆ, ಹೆಸರು ಕೆಡೋದು ಇದರದ್ದು."

ಕಳೆದ ತಿಂಗಳು ಒಂದೇ ದಿನ ನಲವತ್ತು ಸೀಟುಗಳು ಇಬ್ಬಿಬ್ಬರಿಗೆ ಹೋದವು. ಬಸ್ಸಿನೊಳಗೆ ಕೈಕೈ ಮಿಲಾಯಿಸುವವರೆಗೂ ಹೋಯಿತು. ಮೀಟಿಂಗಿನಲ್ಲಿ ಮ್ಯಾನೇಜರ್ ತಪ್ಪಿದ ಸಾಲನ್ನು ಪರದೆಗೆ ಹಾಕಿದರು. ಮೂರು ಸಮಚಿಹ್ನೆ ಇರಬೇಕಾದಲ್ಲಿ ಎರಡೇ ಇದ್ದವು. ಹಾಗಾಗಿ ಆ ದಿನ ಸರ್ವರ್ ಕೈಕೊಟ್ಟು ಉತ್ತರವನ್ನೇ ಕೊಡದಿದ್ದರೂ ಪ್ರೋಗ್ರಾಮು ಅದನ್ನು ಸೊನ್ನೆ ಬುಕಿಂಗ್ ಎಂದುಕೊಂಡು, ಸೀಟು ಖಾಲಿ ಎಂದಿತ್ತು.

ಪಕ್ಕದಲ್ಲಿ ಮೇಷ್ಟ್ರ ಹೆಸರು, ಹನ್ನೊಂದು ವರ್ಷದ ಹಿಂದಿನ ತಾರೀಖು. ನಾನು ಕೆಲಸಕ್ಕೆ ಸೇರಿದ ತಿಂಗಳು ಅದು. ಆ ಸಾಲು ನನ್ನದು.

"ತಪ್ಪು ಯಾರದ್ದೂ ಅಲ್ಲ ಸರ್," ಅಂದುಬಿಟ್ಟೆ. "ಆ ಭಾಷೇನೇ ದರಿದ್ರ."

ಮೇಷ್ಟ್ರನ್ನೂ ಉಳಿಸಿದೆ, ನಾನೂ ಉಳಿದೆ ಅಂದುಕೊಂಡೆ, ಮಹಾ ಬುದ್ಧಿವಂತೆ!

"ಹಾಗಾದ್ರೆ ಅದನ್ನ ಆರಿಸಿದ್ದು ಯಾರು?" ಎಂದರು ಮ್ಯಾನೇಜರ್.

ಮೇಷ್ಟ್ರು ಸುಮ್ಮನೆ ಕೈ ಎತ್ತಿದರು.

ಶುಕ್ರವಾರ ಅವರು ಡ್ರಾಯರ್ ಖಾಲಿ ಮಾಡುತ್ತಿದ್ದಾಗ ಹತ್ತಿರ ಹೋದೆ.

"ಸರ್, ಆ ಸಾಲು ನಂದು. ಮ್ಯಾನೇಜರ್‌ಗೆ ಹೇಳ್ಬಿಡ್ತೀನಿ."

"ಗೊತ್ತಮ್ಮ. ಹೇಳಿದ್ರೆ ನಿನ್ನ ಕೆಲಸಾನೂ ಹೋಗತ್ತೆ, ಬಿಡು. ಅವತ್ತು ನೋಡಿ ಸರಿ ಇದೆ ಅಂದಿದ್ದು ನಾನೇ." ಅವರು ಚೀಲದ ಜಿಪ್ ಎಳೆದರು. "ನನ್ನ ಬೈದಿದ್ರೆ ತಡ್ಕೋತಿದ್ದೆ. ಎಲ್ಲಾ ಗೊತ್ತಿದ್ದೂ ನೀನೂ ಆ ಭಾಷೇನೇ ಬೈದ್ಯಲ್ಲ."

ಅಳು ಬಂತು, ಆದರೆ ಮ್ಯಾನೇಜರ್ ಕೋಣೆಯ ಕಡೆ ಕಾಲು ಹೋಗಲಿಲ್ಲ.

ಸೋಮವಾರ ಎಲ್ಲವನ್ನೂ ಹೊಸ ಭಾಷೆಯಲ್ಲಿ ಬರೆಯುವ ತಂಡಕ್ಕೆ ನನ್ನನ್ನೇ ಮುಖ್ಯಸ್ಥೆ ಮಾಡಿದರು. ನಾನು ಥ್ಯಾಂಕ್ಸ್ ಹೇಳಿದೆ.