ಸ್ಲೇಟಿನ ಮೇಲೆ ರಘುವಿನ ಹೆಸರು

ನನ್ನ ಗಂಡ ರಘು ಸತ್ತ ಹನ್ನೆರಡನೇ ದಿನ ಪೈಪು ಕಂಪನಿಯ ಏಜೆಂಟು ಬಂದ.

ಹನಿ ನೀರಾವರಿಗೆ ಅರ್ಜಿ ಹಾಕಿದ್ದು ರಘು. ಮಂಜೂರಾತಿ ಬಂದು, ತೆಂಗಿನ ಸಸಿಗಳ ಬುಡಕ್ಕೆ ಪೈಪು ಎಳೆದ ವಾರದಲ್ಲೇ ಅವನು ಮೋಟರಿನ ಸ್ಟಾರ್ಟರ್ ಮುಟ್ಟಿ ಕರೆಂಟು ಹೊಡೆದು ಹೋದ. ಬಾಕಿ ಇದ್ದದ್ದು ಒಂದು ಫೋಟೊ. ರೈತ ತನ್ನ ಹೆಸರು, ಸರ್ವೆ ನಂಬರು ಬರೆದ ಸ್ಲೇಟು ಹಿಡಿದು ಪೈಪಿನ ಪಕ್ಕ ನಿಂತಿರಬೇಕು. ಮಾರ್ಚ್ ಮುಗಿಯುವುದರೊಳಗೆ ಅದು ಹೋಗದಿದ್ದರೆ ಸಹಾಯಧನ ಬರುವುದಿಲ್ಲ, ಪೈಪು ಕಿತ್ತುಕೊಂಡು ಹೋಗಬೇಕಾಗುತ್ತದೆ ಎಂದ ಏಜೆಂಟು. ಸಾವಿನ ಸಂಗತಿ ತಿಳಿದ ಮೇಲೂ ಎದ್ದು ಹೋಗಲಿಲ್ಲ. ಮೈಕಟ್ಟು ಹೊಂದುವ ಯಾರಾದರೂ ಆದೀತು, ತಲೆಗೆ ಟವೆಲ್ ಸುತ್ತಿಕೊಂಡರೆ ಯಾರು ನೋಡುತ್ತಾರೆ ಎಂದು ಮಾವನವರಿಗೆ ಮೆಲ್ಲಗೆ ಹೇಳಿದ.

ಮಾವ ಹೊನ್ನಪ್ಪನವರು ಚಿಕ್ಕ ಮಗ ರವೀಂದ್ರನನ್ನು ನೋಡಿದರು. ರವೀಂದ್ರ ನನ್ನನ್ನು ನೋಡಿದ. ನಾನು ಒಳಗೆ ಹೋಗಿ ರಘುವಿನ ನೀಲಿ ಗೆರೆಯ ಅಂಗಿ ತಂದುಕೊಟ್ಟೆ. ಅದನ್ನೇ ಯಾಕೆ ತಂದೆ ಗೊತ್ತಿಲ್ಲ. ಮೇಲೆಯೇ ಇತ್ತು.

ಸ್ಲೇಟು ನನ್ನ ಮಗಳು ಚಿನ್ನುವಿನದು. ರವೀಂದ್ರ ಎರಡು ಸಲ ಬರೆದ, ಎರಡು ಸಲವೂ ಸಾಲು ಕೆಳಗಿಳಿಯಿತು.

"ನಿಮ್ಮತ್ತಿಗೆ ಬರೀಲಿ ಬುಡ್ಲಾ. ಮೈಸೂರಲ್ಲಿ ಓದ್ದೋಳು," ಎಂದರು ಮಾವ.

ಬರೆದೆ. ರಘುನಂದನ್ ಎಂದಿದ್ದ ಸ್ಲೇಟನ್ನು ರವೀಂದ್ರ ಎದೆಗೆ ಹಿಡಿದು ನಿಂತ. ಗಾಬರಿಯಲ್ಲಿ ಅವನಿಗೆ ನಗು ಬರುತ್ತಿತ್ತು.

"ನಗ್ಬೇಡಿ ಸಾರ್. ಸಬ್ಸಿಡಿ ತಗೊಳೋನು ಯಾವ ಫೋಟೊದಲ್ಲೂ ನಕ್ಕಿಲ್ಲ," ಎಂದ ಏಜೆಂಟು. ಮೊಬೈಲು ಫೋಟೊದ ಅಡಿಯಲ್ಲಿ ದಿನಾಂಕವನ್ನು ತಾನೇ ಒತ್ತಿಕೊಂಡಿತು.

ಸಹಾಯಧನ ಕಂಪನಿಗೆ ಸಂದಾಯವಾಯಿತು. ಪೈಪು ಉಳಿಯಿತು.

ಜೂನಿನಲ್ಲಿ ನಾನು ಪೌತಿ ಖಾತೆಗೆ ಅರ್ಜಿ ಬರೆದೆ. ಪಾಲಾಗಿ ರಘುವಿಗೆ ಬಂದಿದ್ದ ಎರಡೂಕಾಲು ಎಕರೆ ನನ್ನ ಹೆಸರಿಗೆ ಆಗಬೇಕಿತ್ತು. ಆಗದಿದ್ದರೆ ಚಿನ್ನುವಿಗೂ ನನಗೂ ಈ ಮನೆಯಲ್ಲಿ ಊಟ ಇರುತ್ತದೆ, ಬೇರೇನೂ ಇರುವುದಿಲ್ಲ. ಅಕ್ಕಿಹೆಬ್ಬಾಳಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದುದು ಇದೊಂದನ್ನೇ.

ನಾಗಮಂಗಲದ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡವರು ಶಿವಲಿಂಗಯ್ಯ ಎಂಬ ವಯಸ್ಸಾದ ಗುಮಾಸ್ತರು. ಸರ್ವೆ ನಂಬರು ಒತ್ತಿದರು. ಆ ಜಮೀನಿನ ಮೇಲೆ ಪಡೆದ ಸಹಾಯಧನದ ದಾಖಲೆಯೂ ತೆರೆದುಕೊಂಡಿತು. ಪರದೆಯನ್ನು ನನ್ನತ್ತ ತಿರುಗಿಸಿದರು. ನೀಲಿ ಗೆರೆಯ ಅಂಗಿ. ಸ್ಲೇಟು. ಮಾರ್ಚ್ ಹದಿನಾಲ್ಕು. ನಾನು ಕೊಟ್ಟಿದ್ದ ಮರಣ ಪ್ರಮಾಣಪತ್ರದಲ್ಲಿ ಮಾರ್ಚ್ ಮೂರು.

ಅವರು ನನ್ನ ಅರ್ಜಿಯನ್ನು ಪರದೆಯ ಪಕ್ಕದಲ್ಲಿಟ್ಟರು.

"ಈ ಅಕ್ಷರ ನಿಮ್ದೇ ಏನಮ್ಮ?"

"ನಂದೇ."

"ಸ್ಲೇಟಿನ ಮೇಲಿರೋದು?"



ಅವರು ದನಿ ತಗ್ಗಿಸಿ ವಿವರಿಸಿದರು. ಅರ್ಜಿ ಮೇಲಕ್ಕೆ ಹೋದರೆ ಸತ್ತವನ ಹೆಸರಿನಲ್ಲಿ ಸಹಾಯಧನ ಪಡೆದ ಕೇಸಾಗುತ್ತದೆ. ಮೊದಲು ನಿಂತವನ ಮೇಲೆ, ಆಮೇಲೆ ಬರೆದವಳ ಮೇಲೆ. ಹೋಗದಿದ್ದರೆ ಯಾರಿಗೂ ಏನೂ ಆಗುವುದಿಲ್ಲ.

"ಅಕ್ಷರ ಚೆನ್ನಾಗದೆ ಕಣಮ್ಮ," ಎಂದರು ಬೇಸರದಿಂದ. ಒಂದು ಬಿಳಿ ಹಾಳೆ ಮುಂದಿಟ್ಟರು. ಅರ್ಜಿ ಹಿಂಪಡೆದಿದ್ದೇನೆ ಎಂದು ಅದೇ ಅಕ್ಷರದಲ್ಲಿ ಬರೆದುಕೊಟ್ಟೆ.

ಮನೆಗೆ ಬಂದು ಮಾವನವರಿಗೆ ಹೇಳಿದೆ.

"ಅವ್ನೆಸ್ರು ಪಹಣೀಲಿ ಇರ್ಲಿ ಬುಡವ್ವ," ಎಂದರು. "ಅಲ್ಲಾದ್ರೂ ಇರ್ಲಿ."

ರವೀಂದ್ರ ಊಟಕ್ಕೆ ಕೂತಿದ್ದ. ಮುಂದಿನ ವಾರ ಸಸಿಗಳ ತಪಾಸಣೆಗೆ ಬರುತ್ತಾರಂತೆ, ರಘುನಂದನ್ ಖುದ್ದು ಇರಬೇಕಂತೆ, ಇನ್ನೊಂದು ಫೋಟೊ ಬೇಕಂತೆ. ಏಜೆಂಟು ಫೋನ್ ಮಾಡಿದ್ದನಂತೆ.

"ಅಲ್ಲಿರೋ ಮುಖ ನಂದೇ ಅಲ್ವಾ. ನಾನೇ ನಿಲ್ಬೇಕಾಯ್ತದೆ," ಎಂದ ತಟ್ಟೆಯಿಂದ ತಲೆ ಎತ್ತದೆ. ಆ ಅಂಗಿ ಇನ್ನೂ ಅವನ ಹತ್ತಿರವೇ ಇದೆ. "ನೀವು ಎಸ್ರು ಬರ್ಕೊಟ್ರೆ ಸಾಕತ್ತಿಗೆ."

ಚಿನ್ನುವಿನ ಚೀಲದಿಂದ ಸ್ಲೇಟು ತೆಗೆದೆ. ಅವಳು ಬರೆದಿದ್ದ ಅ, ಆ, ಇ ಒರೆಸಿದೆ.