ಗ್ಯಾಸ್ ಮಾತ್ರೆ, ಗಡ್ಡದ ಕತ್ತಿ

ಮೇಷ್ಟ್ರು ಬಂದು ಕುರ್ಚಿಯಲ್ಲಿ ಒರಗಿದರೆಂದರೆ ಕತ್ತರಿಯಣ್ಣನ ಕ್ಷೌರದಂಗಡಿಗೆ ಕಳೆ ಬರುತ್ತಿತ್ತು. ಬೀದಿಯ ಸುದ್ದಿಯೆಲ್ಲ ಅವರ ಬಾಯಲ್ಲಿ, ಬೀದಿಯವರ ಕಾಯಿಲೆಗೆಲ್ಲ ಮಾತ್ರೆ ಅವರ ಜೇಬಿನಲ್ಲಿ. ಕತ್ತರಿಯಣ್ಣ ಹೊಟ್ಟೆಯುಬ್ಬರ ಎಂದು ಗೊಣಗಿದಾಗಲೂ ಅವರೇ ಒಂದು ಶೀಟು ಕೊಟ್ಟು, ಬೆಳಿಗ್ಗೆ ಒಂದು ನುಂಗಿ ನನ್ನ ನೆನೆಸಿಕೋ ಎಂದಿದ್ದರು. ಹೊಟ್ಟೆ ಹಗುರಾಯಿತು. ಆ ಶೀಟು ಮುಗಿದ ಮೇಲೂ ಅವನೇ ಕೊಂಡು ತಂದು ದಿನಾ ನುಂಗುತ್ತ ಬಂದ.

ಕೆಲವು ತಿಂಗಳಿಗೆ ಕೈ ನಡುಗತೊಡಗಿತು. ಮೊದಲು ಕಾಫಿ ಲೋಟ ತುಳುಕಿತು, ಆಮೇಲೆ ಬಾಚಣಿಗೆ ಜಾರಿತು. ಒಂದು ದಿನ ಗಿರಾಕಿಯೊಬ್ಬನ ಕಿವಿಯ ಪಕ್ಕದಲ್ಲೇ ಕತ್ತಿ ಅದುರಿ ಇಬ್ಬರ ಜೀವವೂ ಬಾಯಿಗೆ ಬಂತು. ಡಾಕ್ಟರು ಪರೀಕ್ಷೆ ಮಾಡಿ, ಯಾವುದಾದರೂ ಔಷಧಿ ತಗೊಳ್ತೀರಾ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದು ಎದೆ ಸೆಟೆಸಿ ಹೇಳಿಬಂದ. ವಯಸ್ಸಾಯಿತು, ಇನ್ನೇನು ಎಂದುಕೊಂಡು, ಬಾಳೆಲ್ಲ ಅನ್ನ ಕೊಟ್ಟ ಆ ಕುರ್ಚಿಯನ್ನು ಬೇರೆಯವರಿಗೆ ಕೊಟ್ಟುಬಿಡಲು ಮಾತೂ ಆಡಿದ. ಆಮೇಲೆ ಅಂಗಡಿಯ ಬಾಗಿಲು ಹಾಕಿಕೊಂಡು ಮನಸಾರೆ ಅತ್ತ.

ರಜೆಗೆ ಮಗಳು ಬಂದಳು. ಔಷಧಿಗಳಿಂದ ಜನಕ್ಕೆ ತೊಂದರೆಯಾಗದಂತೆ ಕಣ್ಣಿಡುವ ಕಚೇರಿಯಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಅಪ್ಪ ಬಾಯಿಗೆ ಏನೋ ಹಾಕಿಕೊಂಡದ್ದು ಅವಳ ಕಣ್ಣಿಗೆ ಬಿತ್ತು.

"ಅದೇನಪ್ಪಾ ನುಂಗಿದ್ದು?"

"ಏನಿಲ್ಲ ಪುಟ್ಟಿ, ಗ್ಯಾಸ್ ಮಾತ್ರೆ."

"ಡಾಕ್ಟರಿಗೆ ಹೇಳಿದೀಯಾ?"

"ಅವರು ಕೇಳಿದ್ದು ಔಷಧಿ ಬಗ್ಗೆ. ಇದೂ ಒಂದು ಔಷಧೀನಾ?"

ಮಗಳು ಲ್ಯಾಪ್‌ಟಾಪ್ ತೆರೆದಳು. ಪರದೆಯ ತುಂಬ ಚುಕ್ಕಿಗಳು, ಚುಕ್ಕಿಗಳ ನಡುವೆ ಗೆರೆಗಳು. ಗುಡಿಸುವ ಮುಂಚೆ ನನ್ನಂಗಡಿ ನೆಲ ಹೀಗೇ ಇರುತ್ತಲ್ಲೇ ಎಂದು ಅಪ್ಪ ಚುಡಾಯಿಸಿದ. ಇದನ್ನು ನಾಲೆಜ್ ಗ್ರಾಫ್ ಅಂತಾರೆ ಎಂದು ಅವಳು ವಿವರಿಸಿದಳು. ಮಾತ್ರೆಗೊಂದು ಚುಕ್ಕಿ, ಅದರೊಳಗಿನ ಮದ್ದಿಗೊಂದು, ಜನ ಹೇಳಿಕೊಂಡ ತೊಂದರೆಗೊಂದು; ಒಂದಕ್ಕೊಂದು ಸಂಬಂಧವಿದ್ದರೆ ನಡುವೆ ಗೆರೆ. ಅಪ್ಪನ ಮಾತ್ರೆಯ ಹೆಸರಲ್ಲಿ ಬಂದಿದ್ದ ದೂರು ಬೆರಳೆಣಿಕೆಯಷ್ಟು. ಆದರೆ ಅದೇ ಮದ್ದು ಬೇರೆ ಬೇರೆ ಹೆಸರಲ್ಲಿ ಮಾರಾಟವಾಗುತ್ತಿತ್ತು. ಆ ಹೆಸರುಗಳ ಗೆರೆಗಳೆಲ್ಲ ಒಂದೇ ಮದ್ದಿನ ಚುಕ್ಕಿಗೆ ಬಂದು ಸೇರಿ, ಅಲ್ಲಿಂದ ದೂರುಗಳೆಲ್ಲ ಕೂಡಿ ದಪ್ಪಗಾದ ಒಂದು ಗೆರೆ 'ಕೈನಡುಕ'ಕ್ಕೆ ಹೋಗಿತ್ತು.

ಅಪ್ಪ ಪರದೆಯ ಹತ್ತಿರಕ್ಕೆ ಬಾಗಿದ. "ಹಾಗಾದ್ರೆ ಇದರಿಂದಲೇ ಅಂತೀಯಾ?"

"ಗೆರೆ ಇದೆ ಅಂದ್ರೆ ಅನುಮಾನ ಇದೆ ಅಂತ. ನಿನಗೆ ಅದರಿಂದಲೇ ಆಗಿದೆಯೋ ಇಲ್ಲವೋ ಡಾಕ್ಟರೇ ಹೇಳ್ಬೇಕು. ನೀನು ಬಾಯಿ ಬಿಡದಿದ್ರೆ ಅವರಿಗೂ ತಿಳಿಯಲ್ಲ, ನಮ್ಮ ಗ್ರಾಫಿಗೂ ತಿಳಿಯಲ್ಲ."

ಅಪ್ಪ ಶೀಟು ತೋರಿಸಿದ ಮೇಲೆ ಡಾಕ್ಟರು ಆ ಮಾತ್ರೆ ಬಿಡಿಸಿದರು. ತಾಳ್ಮೆ ಬೇಕು ಎಂದರು. ವಾರಗಳು ಉರುಳಿದವು. ಒಂದು ಬೆಳಿಗ್ಗೆ ಕಾಫಿ ತುಳುಕಲಿಲ್ಲ. ಅವನು ಲೋಟ ಹಿಡಿದುಕೊಂಡೇ ಮನೆಯೆಲ್ಲ ಸುತ್ತಿದ. ಫೋನಿನಲ್ಲಿ ಕೇಳಿದ ಮಗಳು ಬಿದ್ದು ಬಿದ್ದು ನಕ್ಕಳು. ಕುರ್ಚಿ ಕೊಡುವುದಿಲ್ಲ ಎಂದು ಅವತ್ತೇ ಹೇಳಿಕಳಿಸಿದ.

ಮಾತ್ರೆಯ ಸುದ್ದಿ ಕಿವಿಗೆ ಬಿದ್ದಾಗಿನಿಂದ ಮುಖ ತಪ್ಪಿಸಿ ಓಡಾಡುತ್ತಿದ್ದ ಮೇಷ್ಟ್ರು ಗಡ್ಡ ಬೆಳೆದು ತಡೆಯಲಾರದೆ ಬಂದೇಬಿಟ್ಟರು. "ಒಳ್ಳೇದಾಗಲಿ ಅಂತಲೇ ಕೊಟ್ಟೆ ಕಣಯ್ಯಾ," ಎಂದರು. "ಅದನ್ನೇ ನುಂಗಿ ನನಗೆ ಏನೂ ಆಗಿರಲಿಲ್ಲ."

"ಗೊತ್ತು ಮೇಷ್ಟ್ರೇ. ಅದಕ್ಕೇ ಕಣ್ಮುಚ್ಚಿ ನುಂಗಿದ್ದು. ಬನ್ನಿ, ಕೂತ್ಕೊಳ್ಳಿ."

ಕೆನ್ನೆ ತುಂಬ ನೊರೆ ಹಚ್ಚಿ, ಕತ್ತಿಯನ್ನು ಕುತ್ತಿಗೆಯ ಹತ್ತಿರ ತಂದು ಅಲ್ಲೇ ನಿಲ್ಲಿಸಿದ. "ಈಗ ಹೇಳಿ, ನೀವು ದಿನಾ ಏನೇನು ಮಾತ್ರೆ ನುಂಗ್ತೀರಿ? ಗ್ಯಾಸಿನದ್ದೂ ಸೇರಿಸಿ."

ಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರು ಕತ್ತು ಅಲುಗಿಸದೆ ಒಂದೊಂದಾಗಿ ಒಪ್ಪಿಸಿದರು. ನಾಳೆ ಡಾಕ್ಟರ ಮುಂದೆಯೂ ಇಷ್ಟೇ ಚೆನ್ನಾಗಿ ಒಪ್ಪಿಸಬೇಕು ಎಂದ ಕತ್ತರಿಯಣ್ಣ. ಅವರು ತಲೆಯಾಡಿಸಲು ಹೋಗಿ, ಕತ್ತಿ ನೆನಪಾಗಿ ಸುಮ್ಮನಾದರು. ಆಮೇಲೆ ಹೊದಿಕೆಯ ಅಡಿಯಿಂದ ಕೈ ತೆಗೆದು, ಬೇರೆಯವರಿಗೆಂದು ಜೇಬಿನಲ್ಲಿಟ್ಟುಕೊಂಡಿದ್ದ ಶೀಟುಗಳನ್ನೆಲ್ಲ ಕನ್ನಡಿಯ ಮುಂದೆ ಹರವಿ, ಕುತ್ತಿಗೆ ಚಾಚಿ ಕಣ್ಣು ಮುಚ್ಚಿದರು.

ಕತ್ತಿ ಕಿವಿಯಿಂದ ಗಲ್ಲದವರೆಗೆ ಒಂದೇ ಎಳೆತಕ್ಕೆ ಇಳಿಯಿತು. ಕೈ ಅಲುಗಲಿಲ್ಲ.